ಖಾತೆಯಿಂದ ಹೋದ ಹಣ, ಅಂಗಡಿಗೆ ಬಾರದ ಜಮೆ

ಖಾತೆಯಿಂದ ಹಣ ಕಡಿತವಾಗಿದೆ, ಅಂಗಡಿಯವರಿಗೆ ತಲುಪಿಲ್ಲ. ಯುಪಿಐ ಬಳಸುವವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. 'ಸರ್ವರ್ ಸಮಸ್ಯೆ' ಎಂಬ ಸಿದ್ಧ ಉತ್ತರ ಬ್ಯಾಂಕಿನ ಕೌಂಟರಿನಲ್ಲಿ ದೊರೆಯುತ್ತದೆ. ಆದರೆ ಸಮಸ್ಯೆಯ ಬೇರು ಯಾವುದೋ ಒಂದು ಸರ್ವರ್‌ನಲ್ಲಿಲ್ಲ. ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಹೋದ ವ್ಯವಸ್ಥೆಯ ಸ್ವರೂಪದಲ್ಲೇ ಇದೆ.

1991ರಲ್ಲಿ ಕೋರ್ಬಾ ಎಂಬ ಮಾನದಂಡ ಬಂದಾಗ ತಂತ್ರಾಂಶ ತಜ್ಞರ ಆಶಯ ಸರಳವಾಗಿತ್ತು. ಖಾತೆಯೆಂಬುದು ಒಂದು 'ಆಬ್ಜೆಕ್ಟ್'. ಶಿಲ್ಕು ಅದರೊಳಗಿರುತ್ತದೆ, ಜಮೆ, ಕಡಿತಗಳು ಅದು ಪಾಲಿಸುವ ಆಜ್ಞೆಗಳು. ಯಾವ ಊರಿನ ಯಂತ್ರದಲ್ಲಿದ್ದರೂ ಅದನ್ನು ಪಕ್ಕದಲ್ಲೇ ಇರುವಂತೆ ಕರೆಯಬಹುದು. ಆಶಯವೇನೋ ಚೆನ್ನ. ಆದರೆ ದೂರದ ಯಂತ್ರ ಮೌನ ತಾಳಿದರೆ, ಆಜ್ಞೆ ತಲುಪಲೇ ಇಲ್ಲವೋ ಅಥವಾ ಜಮೆಯಾದ ಬಳಿಕ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ ತಿಳಿಯದು. ಮತ್ತೆ ಆಜ್ಞೆ ಕಳುಹಿಸಿದರೆ ಎರಡು ಬಾರಿ ಜಮೆಯಾಗುವ ಅಪಾಯ. ಸುಮ್ಮನಿದ್ದರೆ ಗ್ರಾಹಕನಿಗೆ ನಷ್ಟ. ಪ್ರತಿ ವಹಿವಾಟಿಗೂ ಪ್ರತ್ಯೇಕ ಸಂಖ್ಯೆ ಇರುವುದರ ಹಿಂದೆ ಈ ಭಯವೂ ಇದೆ.

ಒಂದೇ ಬ್ಯಾಂಕಿನೊಳಗಾದರೆ 'ಟೂ ಫೇಸ್ ಕಮಿಟ್' ಎಂಬ ಉಪಾಯವಿದೆ. ಮೊದಲು ಎರಡೂ ಕಡೆಯ ಒಪ್ಪಿಗೆ, ಬಳಿಕವೇ ಲೆಕ್ಕಕ್ಕೆ ಬರಹ. ಒಂದು ಕಡೆ ನಿರಾಕರಿಸಿದರೂ ಎಲ್ಲವೂ ರದ್ದು. ಆದರೆ ಒಪ್ಪಿಗೆ ಕೊಟ್ಟ ಖಾತೆ ಅಂತಿಮ ಆಜ್ಞೆ ಬರುವವರೆಗೆ ಬೀಗ ಹಾಕಿದಂತಿರಬೇಕು. ತನ್ನ ಗ್ರಾಹಕನ ಖಾತೆಯ ಬೀಗವನ್ನು ಬೇರೊಂದು ಬ್ಯಾಂಕಿನ ಕೈಗೆ ಯಾವ ಬ್ಯಾಂಕ್ ತಾನೇ ಕೊಟ್ಟೀತು? ಹೀಗಾಗಿ 2016ರಲ್ಲಿ ಆರಂಭವಾದ ಯುಪಿಐನಲ್ಲಿ ಮೊದಲು ಕಡಿತ, ಅನಂತರ ಜಮೆ. ಜಮೆ ವಿಫಲವಾದರೆ ಹಣ ವಾಪಸು. ಆ ವಾಪಸಾತಿಯೂ ಅದೇ ಜಾಲದಲ್ಲಿ ಸಾಗಬೇಕಾದ ಇನ್ನೊಂದು ಸಂದೇಶ ಎಂಬುದೇ ವಿಪರ್ಯಾಸ.

ತಂತ್ರಜ್ಞಾನ ಕೈಚೆಲ್ಲಿದ ಜಾಗವನ್ನು ನಿಯಮ ತುಂಬಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಯುಪಿಐ ಮೂಲಕ ವ್ಯಕ್ತಿಗೆ ಕಳುಹಿಸಿದ ಹಣ ಜಮೆಯಾಗದಿದ್ದರೆ ವಹಿವಾಟಿನ ಮರುದಿನದೊಳಗೆ ಮರಳಬೇಕು. ಅಂಗಡಿ ಪಾವತಿಗೆ ಹಾಗೂ ಎಟಿಎಂನಲ್ಲಿ ಬಾರದ ನಗದಿಗೆ 5 ದಿನಗಳ ಗಡುವು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕನ ದೂರಿಗೆ ಕಾಯದೆ.

'ದೂರಿಗೆ ಕಾಯದೆ' ಎಂಬ ಮಾತೇ ಇಲ್ಲಿ ಮುಖ್ಯ. ಹಣ ಎಲ್ಲಿ ಸಿಲುಕಿದೆ ಎಂಬುದು ಬ್ಯಾಂಕಿನ ಯಂತ್ರಕ್ಕೆ ತಿಳಿಯಬಲ್ಲದೇ ಹೊರತು ಗ್ರಾಹಕನಿಗಲ್ಲ. ಅಂದಮೇಲೆ ಅವನನ್ನು ಅರ್ಜಿ ಹಿಡಿದು ಅಲೆದಾಡಿಸುವುದು ಸರಿಯಲ್ಲ. ಬಡ್ಡಿದರದ ಫಲಕ ತೂಗುಹಾಕುವ ಶಾಖೆಗಳು ಅದರ ಪಕ್ಕದಲ್ಲೇ ಈ ಗಡುವುಗಳನ್ನೂ ಬರೆದು ಹಾಕಲಿ.