ಮಕ್ಕಳ ತತ್ತಿಗೆ ಜನಾಂಗದ ನೆಪ ಬೇಡ

ರಾಷ್ಟ್ರೀಯ ಶಿಕ್ಷಣ ನೀತಿಯ ನೆಪದಲ್ಲಿ 2022ರಲ್ಲಿ ಕರ್ನಾಟಕದ ಸಮಿತಿಯೊಂದು ಮಕ್ಕಳ ಆರೋಗ್ಯದ ಬಗ್ಗೆ ನಿಲುವು ಪತ್ರ ಬರೆಯಿತು. ಭಾರತೀಯರದು ಸಣ್ಣ ಮೈಕಟ್ಟು, ತತ್ತಿ-ಮಾಂಸದ ಕೊಲೆಸ್ಟ್ರಾಲ್ ನಮಗೆ ರೋಗ ತರುತ್ತದೆ, ಜನಾಂಗಕ್ಕೆ ಸಹಜವಾದ ಊಟವೇ ಲೇಸು ಎಂಬುದು ಅದರ ವಾದ. ಹಿಂದಿನ ವರ್ಷ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ತತ್ತಿ ಬಂದಾಗ ಕೆಲವು ಮಠಾಧೀಶರು ಧರ್ಮದ ಮಾತೆತ್ತಿ ವಿರೋಧಿಸಿದ್ದರು. ಅದನ್ನು ನೇರವಾಗಿ ಎದುರಿಸಬಹುದಿತ್ತು. ಜನಾಂಗ, ಜೀನ್ ಎಂದು ವಿಜ್ಞಾನದ ವೇಷ ತೊಟ್ಟು ಬಂದ ಈ ಮಾತು ಹೆಚ್ಚು ಅಪಾಯಕಾರಿ.

ನಮ್ಮ ಮಕ್ಕಳ ಮೈ ಬೇರೆ ಎಂಬುದು ನಿಜ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಕೂಸುಗಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹಿಂಬಾಲಿಸಿದ್ದಾರೆ. ಅವು ಇಂಗ್ಲೆಂಡಿನ ಕೂಸುಗಳಿಗಿಂತ ಹಗುರ. ಆದರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ, ಕಡಿಮೆಯಿದ್ದದ್ದು ಸ್ನಾಯು. ಇಂಗ್ಲೆಂಡಿನಲ್ಲೇ ಬೆಳೆದ ದಕ್ಷಿಣ ಏಷ್ಯಾ ಮೂಲದ ಒಂಬತ್ತು-ಹತ್ತು ವರ್ಷದ ಮಕ್ಕಳಲ್ಲೂ ಬಿಳಿಯ ಮಕ್ಕಳಿಗಿಂತ ರಕ್ತದಲ್ಲಿ ಇನ್ಸುಲಿನ್ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಎಂದು ಕಂಡುಬಂತು. 2016-18ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಂತೆ ಭಾರತದ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 34ರಷ್ಟು ಮಂದಿಗೆ ಟ್ರೈಗ್ಲಿಸರೈಡ್ ಹೆಚ್ಚಿದೆ. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿರುವವರು ಶೇ 3 ಮಾತ್ರ.

ತತ್ತಿಯ ಮೇಲೆ ಹೊರಿಸಿದ ಆರೋಪ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಒಂದು ತತ್ತಿಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ, ಸಕ್ಕರೆ ಇಲ್ಲವೆಂದೇ ಹೇಳಬೇಕು. ಟ್ರೈಗ್ಲಿಸರೈಡ್ ಏರಿಸುವುದು ಸಕ್ಕರೆ, ಮೈದಾ, ಪಾಲಿಶ್ ಅಕ್ಕಿ. ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರಿನ ಕಡೆ ಮುಂಜಾನೆ ಕಿರಾಣಿ ಅಂಗಡಿಯ ಮುಂದೆ ನಿಂತು ನೋಡಿ: ಶಾಲೆಗೆ ಹೊರಟ ಹುಡುಗರ ಹೊಟ್ಟೆಯಲ್ಲಿ ಸಕ್ಕರೆ ಚಹಾ, ಅದರಲ್ಲಿ ಅದ್ದಿ ತಿಂದ ಟೋಸ್ಟ್, ಕೈಯಲ್ಲಿ ಐದು ರೂಪಾಯಿಯ ಕುರುಕಲು ಪಾಕೀಟು. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ ಉಣ್ಣುತ್ತಿದ್ದ ಈ ನೆಲದಲ್ಲಿ ಆ ಪಾಕೀಟಿನ ವಿರುದ್ಧ ಯಾರೂ ಧರಣಿ ಕೂತಿಲ್ಲ!

ಬಿ12 ವಿಟಮಿನ್ ಮಾತು ಇನ್ನೂ ಗಂಭೀರ. ಅದೇ ಮೈಸೂರು ಅಧ್ಯಯನದಲ್ಲಿ ಶೇ 43ರಷ್ಟು ಬಸುರಿಯರಿಗೆ ಬಿ12 ಕೊರತೆಯಿತ್ತು. ಪುಣೆಯ ಇನ್ನೊಂದು ಅಧ್ಯಯನದಲ್ಲಿ, ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲೇ ಆರನೇ ವರ್ಷಕ್ಕೆ, ಮಧುಮೇಹಕ್ಕೆ ದಾರಿ ಮಾಡುವ ಇನ್ಸುಲಿನ್ ಪ್ರತಿರೋಧ ಅತಿ ಹೆಚ್ಚು ಕಂಡಿತು. ಬಿ12 ಸಹಜವಾಗಿ ಸಿಗುವುದು ಹಾಲು, ತತ್ತಿ, ಮೀನು, ಮಾಂಸದಲ್ಲಿ. ಇಂದು ತತ್ತಿ ಸುಲಿಯುತ್ತಿರುವ ಹುಡುಗಿ ನಾಳೆ ತಾಯಿಯಾಗುವವಳು. ಜನಾಂಗದ ಹೆಸರು ಹೇಳಿ ಅವಳ ತಟ್ಟೆಗೆ ಕೈ ಹಾಕಿದರೆ ಏಟು ಬೀಳುವುದು ಮುಂದಿನ ಪೀಳಿಗೆಗೂ.

ತತ್ತಿ ಒಲ್ಲದವರಿಗೆ ಬಾಳೆಹಣ್ಣು ಇದೆ, 2025ರ ಆರಂಭದವರೆಗೆ ಚಿಕ್ಕಿಯೂ ಇತ್ತು. ಯಾರಿಗೂ ಒತ್ತಾಯವಿಲ್ಲ, ಇರಲೂಬಾರದು. ಆದರೆ ಬಾಳೆಹಣ್ಣಿನಲ್ಲೂ ಚಿಕ್ಕಿಯಲ್ಲೂ ಬಿ12 ಇಲ್ಲ. ತತ್ತಿ ಒಲ್ಲದ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲು ತಪ್ಪಬಾರದು, ಅದಕ್ಕೆ ಸಕ್ಕರೆ ಸುರಿಯಬಾರದು. ಬಸುರಿಯರಿಗೆ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆಯ ಜೊತೆ ಬಿ12 ಕೂಡ ಸೇರಲಿ. ಶಾಲೆಗೆ ಬರುವ ಆರೋಗ್ಯ ತಂಡ ಎತ್ತರ, ತೂಕ ಬರೆದುಕೊಂಡು ಹೋದರೆ ಸಾಲದು; ಸೊಂಟದ ಸುತ್ತಳತೆಯನ್ನೂ ತೆಗೆಯಲಿ. ಬಡಕಲು ಕಾಣುವ ಹುಡುಗನ ರಕ್ತದಲ್ಲಿ ಏನಿದೆಯೆಂದು ತಕ್ಕಡಿ ಹೇಳುವುದಿಲ್ಲ.