ದತ್ತಸಂಚಯ ಉದ್ಯಮ: ಕೊರತೆ ಕಾನೂನಿನದಲ್ಲ, ಕಚ್ಚಾ ಮಾಲಿನದು

ಮಾಹಿತಿಯನ್ನು ಗಣಕಯಂತ್ರದಲ್ಲಿ ವಿಂಗಡಿಸಿಟ್ಟು ಬೇಕಾದವರಿಗೆ ಒದಗಿಸುವ ದತ್ತಸಂಚಯ ಉದ್ಯಮ, ರೂಢಿಯ ಮಾತಿನಲ್ಲಿ ಡೇಟಾಬೇಸ್ ಉದ್ಯಮ, ಭಾರತಕ್ಕೆ ಹೊಸದಲ್ಲ. 1976ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಮಾನಿಟರಿಂಗ್ ಇಂಡಿಯನ್ ಎಕಾನಮಿ ಸಂಸ್ಥೆಯ 'ಪ್ರೊವೆಸ್' ಕಂಪನಿಗಳ ಲೆಕ್ಕಪತ್ರಗಳನ್ನು ಒದಗಿಸುತ್ತದೆ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ನ್ಯಾಯಾಲಯದ ತೀರ್ಪುಗಳನ್ನು ಒದಗಿಸುತ್ತವೆ. 1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್ ಮಾರುವವರನ್ನೂ ಕೊಳ್ಳುವವರನ್ನೂ ಬೆಸೆಯುತ್ತದೆ. ಆದರೂ ಪೀಣ್ಯದ ಸಣ್ಣ ಉತ್ಪಾದಕನಿಗೆ ಬೆಳಗಾವಿಯಲ್ಲಿ ತನಗೊಪ್ಪುವ ಎರಕದ ಕಾರ್ಖಾನೆ ಯಾವುದೆಂದು ತಿಳಿಯಬೇಕಾದರೆ, ಪರಿಚಯಸ್ಥರ ಮಾತೇ ಇಂದಿಗೂ ಹೆಚ್ಚು ನಂಬಿಕೆಯ ದಾರಿ. ವಿಶ್ವಕ್ಕೆಲ್ಲ ತಂತ್ರಾಂಶ ಬರೆದುಕೊಡುವ ದೇಶದಲ್ಲಿ ಈ ಸ್ಥಿತಿಗೆ ಕಾರಣವೇನು?

ಕಾನೂನಿನ ರಕ್ಷಣೆ ಸಾಲದು, ಯೂರೋಪಿನಂತೆ ದತ್ತಸಂಚಯಕ್ಕೆ ಪ್ರತ್ಯೇಕ ಹಕ್ಕು ಬೇಕು ಎಂಬ ವಾದವೊಂದಿದೆ. ಯೂರೋಪಿಯನ್ ಒಕ್ಕೂಟ 1996ರಲ್ಲಿ 15 ವರ್ಷಗಳ ಅಂಥ ಹಕ್ಕನ್ನು ಕೊಟ್ಟಿತು. ಆದರೆ ಅದರಿಂದ ದತ್ತಸಂಚಯಗಳ ಉತ್ಪಾದನೆ ಹೆಚ್ಚಿತೆಂಬುದು ಸಾಬೀತಾಗಿಲ್ಲವೆಂದು ಯೂರೋಪಿಯನ್ ಆಯೋಗದ 2005ರ ಮೌಲ್ಯಮಾಪನವೇ ಒಪ್ಪಿಕೊಂಡಿತು. ಅಮೆರಿಕದಲ್ಲಾದರೋ, ಬರಿಯ ಶ್ರಮದಿಂದ ಕಲೆಹಾಕಿದ ದೂರವಾಣಿ ಪಟ್ಟಿಗೆ ಕೃತಿಸ್ವಾಮ್ಯವಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1991ರಲ್ಲೇ ತೀರ್ಮಾನಿಸಿತು. ಅದರಿಂದ ಅಲ್ಲಿನ ಉದ್ಯಮವೇನೂ ಸೊರಗಲಿಲ್ಲ.

ಭಾರತದ ಕಾನೂನೂ ಬರಿಗೈಯಲ್ಲಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕ ದತ್ತಸಂಚಯವೂ 'ಸಾಹಿತ್ಯ ಕೃತಿ'ಯೇ. ಗಿರಾಕಿಗಳ ವಿಳಾಸಪಟ್ಟಿಗೆ ದೆಹಲಿ ಉಚ್ಚ ನ್ಯಾಯಾಲಯ 1995ರಲ್ಲಿ ರಕ್ಷಣೆ ನೀಡಿತು. ಮೂಲ ತೀರ್ಪಿನ ಪಠ್ಯ ಎಲ್ಲರ ಸೊತ್ತು, ಸಂಪಾದಕರು ವಿವೇಚನೆಯಿಂದ ಸೇರಿಸಿದ ಅಂಶಗಳಿಗೆ ಮಾತ್ರ ರಕ್ಷಣೆ ಎಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಗೆರೆ ಎಳೆಯಿತು. ಈ ಗೆರೆ ನ್ಯಾಯವಾದದ್ದು. ಸಂಗತಿಗಳಿಗೆ ಒಡೆತನ ದೊರೆತರೆ ಮೊದಲು ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಮಾಹಿತಿಯನ್ನು ದುಬಾರಿ ಬೆಲೆಗೆ ಕೊಳ್ಳುವ ಪಾಡು ಸಣ್ಣ ವರ್ತಕನದಾಗುತ್ತದೆ.

ನಿಜವಾದ ಅಡಚಣೆ ಕಚ್ಚಾ ಮಾಲಿನದು. ಈ ಉದ್ಯಮದ ಕಚ್ಚಾ ಮಾಲಿನ ಬಹುಪಾಲು ಸರ್ಕಾರದ ವಶದಲ್ಲಿದೆ. ಕಂಪನಿಗಳ ದಾಖಲೆ 2006ರಲ್ಲಿ ಬಂದ ಎಂಸಿಎ-21 ವ್ಯವಸ್ಥೆಯಲ್ಲಿ ಸಿಗುತ್ತದೆ. ಆದರೆ ಪಾಲುದಾರಿಕೆ ಮತ್ತು ಒಡೆತನದ ಸಣ್ಣ ಘಟಕಗಳು ಅದರ ವ್ಯಾಪ್ತಿಯ ಹೊರಗಿವೆ. 2017ರಲ್ಲಿ ಜಾರಿಯಾದ ಜಿಎಸ್‌ಟಿಯ ತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ವ್ಯಾಪಾರಿಯ ಹೆಸರು, ಸ್ಥಿತಿಗತಿ ತಿಳಿಯುತ್ತವೆ. ಹುಡುಕುವುದು ಬೇರೆ, ಪರಿಶೀಲಿಸುವುದು ಬೇರೆ. ಗೊತ್ತಿದ್ದವನನ್ನು ಪರಿಶೀಲಿಸಲು ಈ ತಾಣ ಉಪಯುಕ್ತ. ಗೊತ್ತಿಲ್ಲದ ಸರಬರಾಜುದಾರನನ್ನು ಸರಕಿನ ಹೆಸರಿನಿಂದ ಹುಡುಕಿಕೊಡಲು ಅಲ್ಲ. ಸರ್ಕಾರಿ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಹಂಚಬೇಕೆಂಬ ರಾಷ್ಟ್ರೀಯ ನೀತಿ 2012ರಲ್ಲೇ ಬಂದಿದೆ. ಆ ನೀತಿಯ ಫಲ ವ್ಯಾಪಾರಿಯ ಮೇಜನ್ನು ತಲುಪಬೇಕು.

ಎಲ್ಲವನ್ನೂ ಬಯಲಿಗಿಡಬೇಕೆಂದು ಇದರರ್ಥವಲ್ಲ. ಆಮದು ರಫ್ತುದಾರರ ಸರಕಿನ ಮೌಲ್ಯ, ಪ್ರಮಾಣ, ವಿವರಗಳನ್ನು ಕಾನೂನಿನ ಅಗತ್ಯವಿಲ್ಲದೆ ಪ್ರಕಟಿಸುವುದು 2022ರ ಸುಂಕ ಕಾನೂನು ತಿದ್ದುಪಡಿಯಿಂದ ಅಪರಾಧವಾಯಿತು. ಶಿಕ್ಷೆ 6 ತಿಂಗಳವರೆಗಿನ ಸೆರೆವಾಸ, 50,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ತನ್ನ ಖರೀದಿ ದರ ಪ್ರತಿಸ್ಪರ್ಧಿಯ ಕೈಸೇರಬಾರದೆಂಬ ವರ್ತಕನ ಕಾಳಜಿ ಸಹಜ. ಒಬ್ಬೊಬ್ಬರ ಗುಟ್ಟು ಕಾಪಾಡಿ, ಸರಕುವಾರು ಒಟ್ಟು ಅಂಕಿ ಅಂಶಗಳನ್ನು ಬೇಗ ಹಾಗೂ ವಿವರವಾಗಿ ಹೊರಬಿಡುವುದೇ ಸರಿಯಾದ ಹದ.

ವಾಣಿಜ್ಯ ಸಂಸ್ಥೆಗಳ ಹೊಣೆಯೂ ಚಿಕ್ಕದಲ್ಲ. ಸದಸ್ಯರ ಪಟ್ಟಿಯನ್ನು ಅಚ್ಚುಹಾಕಿ ಕಪಾಟಿನಲ್ಲಿಟ್ಟರೆ ವರ್ಷದೊಳಗೆ ಅದರ ಅರ್ಧ ಬೆಲೆ ಹೋಗುತ್ತದೆ: ವಿಳಾಸ ಬದಲಾಗುತ್ತದೆ, ಯಂತ್ರ ಬದಲಾಗುತ್ತದೆ, ಕಾರ್ಖಾನೆಯೇ ಮುಚ್ಚಿರುತ್ತದೆ. ಯಾರು ಏನು ತಯಾರಿಸುತ್ತಾರೆ, ಎಷ್ಟು ಸಾಮರ್ಥ್ಯವಿದೆ, ಯಾವ ಗುಣಮಟ್ಟದ ಪ್ರಮಾಣಪತ್ರವಿದೆ ಎಂಬುದನ್ನು ಜಿಲ್ಲಾ ಸಂಸ್ಥೆಗಳು ಒಂದೇ ನಮೂನೆಯಲ್ಲಿ ಸಂಗ್ರಹಿಸಿ ಮೂರು ತಿಂಗಳಿಗೊಮ್ಮೆ ತಿದ್ದಬೇಕು. ಒಡೆಯರ ಮೊಬೈಲ್ ಸಂಖ್ಯೆಯಂಥ ವೈಯಕ್ತಿಕ ವಿವರಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯದಂತೆ ಅವರ ಒಪ್ಪಿಗೆ ಪಡೆಯಬೇಕು. ಸದಸ್ಯರೂ ಕೇಳಿದ ವಿವರವನ್ನು ಸರಿಯಾಗಿ, ಸಕಾಲದಲ್ಲಿ ಕೊಡಬೇಕು.

ನಕಲು ಮಾಡಿದವನ ಪಟ್ಟಿ ನಿನ್ನೆಯದು. ದಿನದಿನವೂ ತಿದ್ದುವವನ ಪಟ್ಟಿ ಇಂದಿನದು. ದತ್ತಸಂಚಯಕ್ಕೆ ಇದಕ್ಕಿಂತ ಗಟ್ಟಿಯಾದ ರಕ್ಷಣೆಯನ್ನು ಯಾವ ಶಾಸನವೂ ಕೊಡಲಾರದು. ಆದ್ದರಿಂದ ವಾಣಿಜ್ಯ ಸಮುದಾಯ ಸರ್ಕಾರದ ಮುಂದಿಡಬೇಕಾದ ಬೇಡಿಕೆ ಹೊಸ ಹಕ್ಕಲ್ಲ. ಶುದ್ಧವಾದ, ಸಕಾಲಿಕವಾದ, ಮುಕ್ತವಾದ ಸಾರ್ವಜನಿಕ ಮಾಹಿತಿ.