ಹನ್ನೊಂದು ತಿಂಗಳ ಮನೆಗೆ ಹದಿನಾರು ತಿಂಗಳ ಉಳಿತಾಯ

ಮನೆ ಬದಲಿಸುವ ಮಾತು ಬಂದಾಗ ನಮ್ಮ ವಯಸ್ಸಿನವರು ಮೊದಲು ಕೇಳುವ ಪ್ರಶ್ನೆ ‘ಬಾಡಿಗೆ ಎಷ್ಟು?’ ಎಂಬುದು. ಎರಡನೆಯದು ‘ಅಡ್ವಾನ್ಸ್ ಎಷ್ಟು?’. ಈ ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ನಾವು ಎಲ್ಲಿ ಇರುತ್ತೇವೆ, ಎಷ್ಟು ಹೊತ್ತು ಬಸ್ಸಿನಲ್ಲಿ ನಿಲ್ಲುತ್ತೇವೆ, ಓದಲು ಎಷ್ಟು ಸಮಯ ಸಿಗುತ್ತದೆ ಎಂಬುದನ್ನೆಲ್ಲ ನಿರ್ಧರಿಸುತ್ತದೆ. ಇದು ನನಗೆ ಸ್ಪಷ್ಟವಾದದ್ದು ಒಂದು ತಿಂಗಳು ದುಡ್ಡಿನ ಜತೆ ಗಂಟೆಗಳ ಲೆಕ್ಕವನ್ನೂ ಬರೆದಿಟ್ಟ ಮೇಲೆ.

ನಾನಿರುವುದು ಬೆಂಗಳೂರಿನ ವಿಜಯನಗರದ ಒಂದು ಪಿ.ಜಿ.ಯಲ್ಲಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ರಾಜ್ಯದ ಎಲ್ಲ ಜಿಲ್ಲೆಗಳಿಂದ ಬರುವವರಿಗೆ ಕೋಚಿಂಗ್ ಸೆಂಟರ್, ಬಾಡಿಗೆ ಲೈಬ್ರರಿ, ಪಿ.ಜಿ. ಎಲ್ಲವೂ ಸಿಗುವ ಜಾಗ ಇದು. ನಾನೂ ಓದಲೆಂದೇ ಬಂದವನು. ಅಧಿಸೂಚನೆಗಳು ಬಾರದೆ, ಊರಿನಿಂದ ಹಣ ತರಿಸುವುದು ಕಷ್ಟವಾಗಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಖಾಸಗಿ ಕೆಲಸಕ್ಕೆ ಸೇರಿದೆ. ಓದು ಇಲ್ಲಿ, ಸಂಬಳ ಅಲ್ಲಿ. ಹಾಗಾಗಿ ಆ ಕಡೆಗೇ ಮನೆ ಮಾಡಿದರೆ ಹೇಗೆ ಎಂಬ ಯೋಚನೆ ಬಂತು.

ಒಂದು ತಿಂಗಳ ಲೆಕ್ಕ

ಕೈಗೆ ಬರುವ ಸಂಬಳ 23,000 ರೂ. ಮೂವರು ಹಂಚಿಕೊಂಡ ಕೋಣೆಗೆ ಊಟ ಸೇರಿ 7,500. ಊರಿಗೆ ಕಳಿಸುವುದು 5,000. ಆಫೀಸಿನಲ್ಲಿ ಮಧ್ಯಾಹ್ನದ ಊಟ, ಚಹಾ 2,400. ಬಿಎಂಟಿಸಿ ತಿಂಗಳ ಪಾಸ್ 1,200. ಪಿ.ಜಿ.ಯಲ್ಲಿ ಭಾನುವಾರ ರಾತ್ರಿ ಅಡುಗೆ ಇಲ್ಲ, ಹೊರಗಿನ ಊಟಕ್ಕೆ 600. ಪುಸ್ತಕ, ಪರೀಕ್ಷಾ ಶುಲ್ಕ 900. ಮೊಬೈಲ್ ರೀಚಾರ್ಜ್ 350. ಸೋಪು, ಔಷಧ, ಚಿಲ್ಲರೆ ಖರ್ಚು 1,150. ಒಟ್ಟು 19,100. ಉಳಿದದ್ದು 3,900 ರೂ.

ಇನ್ನು ಗಂಟೆಗಳ ಲೆಕ್ಕ. ಪಿ.ಜಿ. ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಹೋಗಿ ಬರಲು ದಿನಕ್ಕೆ ಸರಾಸರಿ 3 ಗಂಟೆ 20 ನಿಮಿಷ. 25 ದಿನಕ್ಕೆ 83 ಗಂಟೆ. ಆಫೀಸಿನ ಹತ್ತಿರ ಮನೆ ಮಾಡಿದರೆ ಇದು ತಿಂಗಳಿಗೆ 17 ಗಂಟೆಗೆ ಇಳಿಯುತ್ತದೆ. ಉಳಿಯುವ 66 ಗಂಟೆ ಎಂದರೆ ಎಂಟು ಗಂಟೆಯ ಲೆಕ್ಕದಲ್ಲಿ ಎಂಟು ಪೂರ್ತಿ ದಿನಗಳ ಓದು. ಪೂರ್ಣಾವಧಿ ಓದುವವರ ಜತೆ ಸ್ಪರ್ಧಿಸಬೇಕಾದ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

‘ಈಗ ಮೆಟ್ರೊ ಇದೆಯಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಇದೆ. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಉದ್ದದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಗಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನ ದಟ್ಟಣೆಯನ್ನು ಮೇಲಿಂದಲೇ ದಾಟಿಸುತ್ತದೆ. ವಿಜಯನಗರದವರು ಮೆಜೆಸ್ಟಿಕ್‌ನಲ್ಲೊಮ್ಮೆ, ಆರ್‌.ವಿ. ರಸ್ತೆಯಲ್ಲೊಮ್ಮೆ ರೈಲು ಬದಲಿಸಬೇಕು, ಅಷ್ಟೇ. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂ.ಗೆ ಏರಿತ್ತು. ಇಷ್ಟು ದೂರ ದಿನವೂ ಹೋಗಿ ಬಂದರೆ ತಿಂಗಳ ಖರ್ಚು ಬಸ್ ಪಾಸಿನ ಎರಡು ಪಟ್ಟು ದಾಟುತ್ತದೆ. ಬಸ್ಸೂ ಹಿಂದಿನಷ್ಟು ಅಗ್ಗವಲ್ಲ. 2025ರ ಜನವರಿಯಲ್ಲಿ ಸಾರಿಗೆ ನಿಗಮಗಳು ದರವನ್ನು ಶೇ 15ರಷ್ಟು ಹೆಚ್ಚಿಸಿದವು.

ಇಲ್ಲಿ ಹುಡುಗಿಯರ ಲೆಕ್ಕ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರು ನೆಲಮಂಗಲದ ಕಡೆಯ ಸ್ವಂತ ಮನೆಯಿಂದಲೇ ದಿನವೂ ಬಸ್ಸಿನಲ್ಲಿ ಓಡಾಡುತ್ತಾರೆ. ‘ಟಿಕೆಟ್ ಉಳೀತು, ನಿದ್ದೆ ಹೋಯ್ತು’ ಎನ್ನುತ್ತಾರೆ. ದುಡ್ಡು ಉಳಿಸಲು ಹೊರಟರೆ ಸಮಯ ಹೋಗುತ್ತದೆ, ಸಮಯ ಉಳಿಸಲು ಹೊರಟರೆ ದುಡ್ಡು. ಎರಡನ್ನೂ ಉಳಿಸುವ ದಾರಿ ಒಂದೇ: ಕೆಲಸದ ಹತ್ತಿರ ಮನೆ. ಆ ಬಾಗಿಲಿಗೆ ಹಾಕಿರುವ ಬೀಗದ ಹೆಸರು ಅಡ್ವಾನ್ಸ್.

ಬೀಗದ ಬೆಲೆ

ಊರ ಕಡೆಯ ಗೆಳೆಯನೊಬ್ಬ ಜತೆಗಿರಲು ಒಪ್ಪಿದ. ಇಬ್ಬರೂ ನಾಲ್ಕು ಭಾನುವಾರ ಟು-ಲೆಟ್ ಬೋರ್ಡ್ ನೋಡುತ್ತ ಅಲೆದೆವು. ಒಂದು ಬೆಡ್‌ರೂಮಿನ ಮನೆಗೆ 12,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ತಲಾ 6,000 ಬಾಡಿಗೆ ಎಂದರೆ, ಅಡುಗೆ ಖರ್ಚು ಸೇರಿಸಿದರೂ ಪಿ.ಜಿ.ಗಿಂತ ಹೆಚ್ಚೇನೂ ಹೊರೆಯಲ್ಲ. ಆದರೆ ಒಳಗೆ ಕಾಲಿಡುವ ಮೊದಲು ನನ್ನ ಪಾಲಿನ ಅಡ್ವಾನ್ಸ್ 50,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆಯ ಅರ್ಧ 6,000, ಒಲೆ, ಸಿಲಿಂಡರ್, ಪಾತ್ರೆಗೆ 4,500, ಸಾಮಾನು ಸಾಗಿಸಲು 2,500 ಬೇಕು. ಒಟ್ಟು 63,000 ರೂ. ತಿಂಗಳಿಗೆ 3,900ರಂತೆ ಉಳಿಸಿದರೆ ಇಷ್ಟು ಸೇರಲು 16 ತಿಂಗಳು ಬೇಕು. ಮನೆಯ ಕರಾರು ಮಾತ್ರ 11 ತಿಂಗಳಿಗೆ.

ಈ ಹನ್ನೊಂದು ತಿಂಗಳಿಗೂ ಕಾರಣವಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಎಲ್ಲರೂ ಒಂದು ತಿಂಗಳು ಕಡಿಮೆ ಮಾಡುತ್ತಾರೆ. ಮುಗಿದ ಮೇಲೆ ಹೊಸ ಕರಾರು, ಜತೆಗೆ ಬಾಡಿಗೆ ಏರಿಕೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಹಳೆಯ ರೂಢಿ. ಈಗ ಕೆಲವರು ಐದು, ಆರು ತಿಂಗಳಿಗೆ ಇಳಿದಿದ್ದಾರೆ. ಬಾಡಿಗೆಯೇ ಏರಿರುವುದರಿಂದ ಮೊತ್ತ ಮಾತ್ರ ಇಳಿದಿಲ್ಲ. ಈ ಹಣಕ್ಕೆ ಬಡ್ಡಿ ಇಲ್ಲ. ಖಾಲಿ ಮಾಡುವಾಗ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇನ್ನೊಂದು ರೂಢಿ. ಉಳಿದದ್ದಕ್ಕೆ ಬರುವ ಉತ್ತರ, ‘ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಮೇಲೆ ಕೊಡ್ತೀನಿ’. ಅಂದರೆ ನಮ್ಮ ಹಣ ಮಾಲೀಕರ ಬಳಿ ಇರುವುದಿಲ್ಲ. ಅದು ಆಗಲೇ ಸಾಲದ ಕಂತಿಗೋ ಮೇಲಿನ ಮಹಡಿಗೋ ಹೋಗಿರುತ್ತದೆ. ಹಳೆಯ ಮನೆಯ ಹಣ ಕೈಗೆ ಬರುವ ಮೊದಲೇ ಹೊಸ ಮನೆಗೆ ಹಣ ಕಟ್ಟಬೇಕು. ಬಹಳ ಮಂದಿ ಸಾಲದ ಆ್ಯಪ್‌ಗಳ ಕಡೆ ಕೈ ಚಾಚುವುದು ಈ ಅಂತರದಲ್ಲೇ.

ಮಾಲೀಕರೆಲ್ಲ ಲೋಭಿಗಳು ಎಂದರೆ ಅನ್ಯಾಯವಾದೀತು. ನಾವು ನೋಡಿದ ಮನೆಗಳಲ್ಲಿ ಒಂದರ ಮಾಲೀಕರು ನಿವೃತ್ತ ಕಾರ್ಖಾನೆ ನೌಕರರು. ಎರಡು ಮನೆಗಳ ಬಾಡಿಗೆಯೇ ಅವರ ಪಿಂಚಣಿ. ‘ಮೂರು ತಿಂಗಳು ಬಾಡಿಗೆ ಕೊಡದೆ, ಕರೆಂಟ್ ಬಿಲ್ ಕಟ್ಟದೆ ಹೋದವರಿದ್ದಾರಪ್ಪ. ಕೋರ್ಟಿಗೆ ಅಲೆಯೋ ವಯಸ್ಸೇ ನಂದು?’ ಎಂದರು. ಅವರ ಭಯ ನಿಜ. ವ್ಯಾಜ್ಯ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಇಬ್ಬರಿಗೂ ಇಲ್ಲದಿರುವಾಗ, ಬಲ ಇದ್ದವರು ತಮ್ಮ ಭದ್ರತೆಯನ್ನು ಮುಂಗಡವಾಗಿಯೇ ವಸೂಲು ಮಾಡುತ್ತಾರೆ.

ಹಣ ಹೊಂದಿಸಿದರೂ ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ ಎಂಬುದನ್ನೂ ಆ ಭಾನುವಾರಗಳು ತೋರಿಸಿದವು. ‘ಬ್ಯಾಚುಲರ್‌ಗಳಿಗೆ ಇಲ್ಲ’ ಎಂಬುದು ನೇರ ಮಾತು. ‘ನಿಮ್ಮದು ಯಾವೂರು? ಯಾವ ಜನ? ಮನೇಲಿ ನಾನ್‌ವೆಜ್ ಮಾಡ್ತೀರಾ?’ ಎಂಬುದು ಸುತ್ತಿ ಬರುವ ಮಾತು. ಉತ್ತರ ಕೇಳಿದ ಮೇಲೆ ‘ನಿನ್ನೆಯೇ ಯಾರೋ ಟೋಕನ್ ಕೊಟ್ಟಿದ್ದಾರೆ’ ಎನ್ನುತ್ತಾರೆ. ಬೋರ್ಡ್ ಮುಂದಿನ ಭಾನುವಾರವೂ ಅಲ್ಲೇ ತೂಗಾಡುತ್ತಿರುತ್ತದೆ.

ಕಾನೂನು ಏನು ಹೇಳುತ್ತದೆ?

ಬಾಡಿಗೆದಾರರಿಗೆ ಕಾಯ್ದೆಯ ರಕ್ಷಣೆ ಇದೆ ಎಂದು ಅನೇಕರು ನಂಬಿದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ–1999 ಇದೆ, ನಿಜ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ಅದು ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯವಾಗುವುದಿಲ್ಲ. ಇತರ ಕಡೆ ಈ ಮಿತಿ 2,000. ಇಂದು ಬೆಂಗಳೂರಿನಲ್ಲಿ 3,500 ರೂ.ಗೆ ಪಿ.ಜಿ.ಯ ಒಂದು ಮಂಚ ಸಿಗುವುದೂ ಕಷ್ಟ. ಹೀಗಾಗಿ ನಮ್ಮಂಥವರೆಲ್ಲ ಕಾಯ್ದೆಯ ಹೊರಗೇ ಇದ್ದೇವೆ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ನ್ಯಾಯಾಲಯ. 50,000 ರೂ. ವಾಪಸ್ ಪಡೆಯಲು ವಕೀಲರಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಿದವರು ಮಾಲೀಕರು ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಾರೆ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ಅದರ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮನೆ ಖಾಲಿ ಮಾಡಿ ಕೀಲಿ ಒಪ್ಪಿಸುವಾಗಲೇ, ಬಾಕಿ ಕಳೆದು ಠೇವಣಿ ಹಿಂದಿರುಗಿಸಬೇಕು. ಬಾಡಿಗೆ ಏರಿಸಲು ಮೂರು ತಿಂಗಳ ಮೊದಲು ತಿಳಿಸಬೇಕು. ಜಗಳವಾಯಿತೆಂದು ನೀರು, ವಿದ್ಯುತ್ ಕಡಿತ ಮಾಡುವಂತಿಲ್ಲ. ಅವಧಿ ಮುಗಿದರೂ ಬಿಡದ ಬಾಡಿಗೆದಾರರು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು ಎಂಬ ನಿಯಮವೂ ಇದೆ. ನಿವೃತ್ತ ನೌಕರರ ಭಯಕ್ಕೂ ಅಲ್ಲಿ ಉತ್ತರವಿದೆ. ಆದರೆ ಇದು ಮಾದರಿ ಮಾತ್ರ. ಬಾಡಿಗೆ ವ್ಯವಸ್ಥೆ ರಾಜ್ಯಗಳಿಗೆ ಸೇರಿದ್ದರಿಂದ ಆಯಾ ರಾಜ್ಯವೇ ಕಾಯ್ದೆ ಮಾಡಿಕೊಳ್ಳಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇನ್ನೂ 1999ರದ್ದೇ.

ಕಾಯುವವರ ಬಾಡಿಗೆ

ಸಂಬಳ ಇರುವವರ ಪಾಡು ಇದಾದರೆ, ನನ್ನ ಪಿ.ಜಿ.ಯಲ್ಲಿ ಸಂಬಳವೇ ಇಲ್ಲದವರು ಹಲವರಿದ್ದಾರೆ. ಅವರಿಗೆ ಮನೆ ಬದಲಿಸುವುದೆಂದರೆ ಊರಿಗೆ ವಾಪಸ್ ಹೋಗುವುದು. ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು; ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ತಪ್ಪು ಪ್ರಶ್ನೆಪತ್ರಿಕೆಯದು, ಆ ನಾಲ್ಕು ತಿಂಗಳ ಬಾಡಿಗೆ ಮಾತ್ರ ಅಭ್ಯರ್ಥಿಗಳದು. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸರ್ಕಾರ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಒಳಮೀಸಲಾತಿ ದಶಕಗಳ ನ್ಯಾಯದ ಬೇಡಿಕೆ, ಅದಕ್ಕಾಗಿ ಕಾದದ್ದರ ಬಗ್ಗೆ ತಕರಾರಿಲ್ಲ. ಆದರೆ ಕಾಯುವ ಖರ್ಚನ್ನು ಯಾರು ಹೊತ್ತರು ಎಂದು ಕೇಳಲೇಬೇಕು. 2025ರಲ್ಲಿ ಧಾರವಾಡದಲ್ಲಿ ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದಾಗ ಅವರ ಸಿಟ್ಟಿನ ಹಿಂದೆ ಸಪ್ತಾಪುರದ ಕೋಣೆಗಳ ಬಾಡಿಗೆಯೂ ಇತ್ತು. ವಯೋಮಿತಿಯನ್ನು ಸಡಿಲಿಸಿದರೆ ವರ್ಷಗಳು ಹಿಂದಕ್ಕೆ ಸಿಕ್ಕಂತೆ ಕಾಣಬಹುದು. ಕಟ್ಟಿದ ಬಾಡಿಗೆ ಮರಳಿ ಬರುವುದಿಲ್ಲ.

ಯುವನಿಧಿಯಿಂದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂ. ಸಿಗುತ್ತದೆ, ಅದೂ ಎರಡು ವರ್ಷ ಮಾತ್ರ. ನಮ್ಮ ಪಿ.ಜಿ. ಬಾಡಿಗೆಯ ಅರ್ಧಕ್ಕೂ ಅದು ಸಾಲದು. ನೆರವನ್ನು ಹಣದ ರೂಪದಲ್ಲಿ ಕೊಡುವ ಜತೆಗೆ ಜಾಗದ ರೂಪದಲ್ಲೂ ಕೊಡಬಹುದಲ್ಲವೇ? ಬೆಂಗಳೂರು, ಧಾರವಾಡ, ಮೈಸೂರು, ಕಲಬುರಗಿಗಳಲ್ಲಿ ಉದ್ಯೋಗಾಕಾಂಕ್ಷಿಗಳಿಗೆ ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ಒಂದು ವರ್ಷದ ಮಟ್ಟಿಗೆ ಸರ್ಕಾರಿ ಹಾಸ್ಟೆಲ್ ಮಾದರಿಯ ವಸತಿ ಕಟ್ಟಿದರೆ, ಅಡ್ವಾನ್ಸ್ ಇಲ್ಲದವರಿಗೂ ನಗರದಲ್ಲಿ ಕಾಲೂರಲು ಜಾಗ ಸಿಗುತ್ತದೆ. ಚೆನ್ನೈ ಸೇರಿದಂತೆ ತಮಿಳುನಾಡಿನ ಹಲವು ನಗರಗಳಲ್ಲಿ ದುಡಿಯುವ ಮಹಿಳೆಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ‘ತೋಳಿ’ ಹಾಸ್ಟೆಲ್‌ಗಳು ಕಣ್ಣೆದುರಿಗಿವೆ.

ಮನೆ ಬದಲಿಸುವ ಮುನ್ನ

ಕಾನೂನು ಬದಲಾಗುವವರೆಗೆ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಮೊದಲು ಒಂದು ತಿಂಗಳ ಲೆಕ್ಕ ಬರೆಯಿರಿ, ದುಡ್ಡಿನ ಜತೆ ಗಂಟೆಗಳನ್ನೂ. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಯಿಂದಲೇ ಕಳಿಸಿ. ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಕಡಿತ ಎಂಬುದನ್ನು ಕರಾರಿನಲ್ಲೇ ಬರೆಸಿ. ಮನೆ ಸೇರುವ ದಿನವೇ ಗೋಡೆ, ನಲ್ಲಿ, ಮೀಟರ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಳೆಯ ಮನೆಯ ಮೀಟರ್‌ಗೆ ಜೋಡಿಸಿದ್ದ ನಿಮ್ಮ ಆಧಾರ್ ಬಿಡಿಸಿಕೊಂಡರೆ ಹೊಸ ಮನೆಯ ಆರ್‌.ಆರ್‌. ಸಂಖ್ಯೆಗೆ ಅರ್ಜಿ ಹಾಕಬಹುದು. ಬಾಡಿಗೆ ಇಲ್ಲ ಎಂದು ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ಲೀಸ್ ಮನೆಗಳಲ್ಲಿ, ಹಣ ಪಡೆಯುವವರೇ ನಿಜವಾದ ಮಾಲೀಕರೇ ಎಂದು ದಾಖಲೆ ನೋಡದೆ ಮುಂದುವರಿಯಬೇಡಿ.

ನನ್ನ ಲೆಕ್ಕದ ಫಲಿತಾಂಶ ಇಷ್ಟು: ಸದ್ಯಕ್ಕೆ ವಿಜಯನಗರದಲ್ಲೇ ಇರುತ್ತೇನೆ. 66 ಗಂಟೆಗಳ ಅಗತ್ಯ ನನಗಿದೆ, 63,000 ರೂ. ಇಲ್ಲ. ಗೆಳೆಯ ಬೇರೆ ಜತೆಗಾರನನ್ನು ಹುಡುಕುತ್ತಿದ್ದಾನೆ.

‘ಕೆಲಸ ಇರುವ ಕಡೆ ಹೋಗಿ, ಒಂದೇ ಕಡೆ ಅಂಟಿಕೊಳ್ಳಬೇಡಿ’ ಎಂದು ಯುವಕರಿಗೆ ಉಪದೇಶಿಸುವುದು ಸುಲಭ. ವರ್ಷಕ್ಕೊಮ್ಮೆ ಕಂಪನಿ ಬದಲಿಸಬೇಕಾದ ಕಾಲ ಇದು. ಹತ್ತು ತಿಂಗಳ ಅಡ್ವಾನ್ಸ್ ಒಂದೇ ಸೂರಿನಡಿ ವರ್ಷಗಟ್ಟಲೆ ಇರುತ್ತಿದ್ದವರ ಕಾಲದ ರೂಢಿ. ಎರಡು ತಿಂಗಳ ಮಿತಿಯ ಕಾಯ್ದೆಯೊಂದನ್ನು ವಿಧಾನಸಭೆಯಲ್ಲಿ ಮಂಡಿಸಲು ಸರ್ಕಾರಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಉದ್ಯೋಗ ಮೇಳಗಳಷ್ಟೇ ಗಂಭೀರವಾಗಿ ಈ ಬೇಡಿಕೆಯನ್ನೂ ನಾವು ಮುಂದಿಡಬೇಕು. ನೇಮಕಾತಿ ಪತ್ರ ಸಿಕ್ಕರೂ ಅಲ್ಲಿ ತಲೆಯ ಮೇಲೊಂದು ಸೂರು ಹೊಂದಿಸಲಾಗದಿದ್ದರೆ, ಆ ಕೆಲಸ ಅರ್ಧ ಮಾತ್ರ ಸಿಕ್ಕಿದಂತೆ.